ಕಿರುಬೆರಳಿಗೆ ಮಾತ್ರ ಜೋಮಿಲ್ಲ

ರಾತ್ರಿ ಎರಡು ಗಂಟೆಗೆ ದೊಡ್ಡಮ್ಮ ಎದ್ದು ಕೂತು, ನೀರು ಕೊಡವುವ ಹಾಗೆ ಬಲಗೈ ಕೊಡವುತ್ತಿದ್ದರು. ಕಾಸರಗೋಡಿನ ಬದಿಯಡ್ಕದ ತೋಟದ ಮನೆಯಲ್ಲಿ ವರ್ಷಗಟ್ಟಲೆ ಚಾಲಿ ಅಡಿಕೆ ಸುಲಿದ ಕೈ ಅದು. ವಾಯು ಎಂದು ಎಣ್ಣೆ ತಿಕ್ಕಿದ್ದಾಯಿತು. ಕೊನೆಗೆ ಡಾಕ್ಟರು ಮಲಯಾಳದಲ್ಲಿ "ತರಿಪ್ಪುಂಡೋ?" ಎಂದು ಕೇಳಿದಾಗ, "ಜೋಮು, ಜೋಮು" ಎನ್ನುತ್ತ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಒಂದು ಮಗ್ಗುಲು. ಕಿರುಬೆರಳನ್ನು ಬಿಟ್ಟರು. ರೋಗದ ಗುರುತು ಅರ್ಧ ಅಲ್ಲೇ ಸಿಕ್ಕಿತು. ನರದ ವೇಗ ಅಳೆಯುವ ಪರೀಕ್ಷೆ ಉಳಿದರ್ಧವನ್ನು ಹೇಳಿತು. ಕಾರ್ಪಲ್ ಟನಲ್ ಸಿಂಡ್ರೋಮ್.

ಮಣಿಕಟ್ಟಿನ ಎಲುಬುಗಳು ಸೇರಿ ಒಂದು ತೋಡಿನಂತಾಗಿವೆ. ಅದರ ಮೇಲೆ ಗಟ್ಟಿಯಾದ ಅಸ್ಥಿರಜ್ಜುವಿನ ಮಾಡು, ಅಂದರೆ ಛಾವಣಿ. ಇವೆರಡರ ನಡುವಿನ ಸುರಂಗವೇ ಕಾರ್ಪಲ್ ಟನಲ್. ಒಳಗೆ ಬೆರಳು ಮಡಚುವ 9 ಸ್ನಾಯುರಜ್ಜುಗಳು, ಅವುಗಳ ಜತೆ ದೊಡ್ಡಮ್ಮ ತೋರಿಸಿದ ಆ ಮೂರೂವರೆ ಬೆರಳುಗಳ ಸ್ಪರ್ಶ ತಿಳಿಸುವ ಮೀಡಿಯನ್ ನರ. ಒಳಗೆ ಸ್ವಲ್ಪ ಊದಿದರೂ ಜಾಗ ಸಾಲದೆ ಮೆತ್ತಗಿನ ನರ ಅದುಮಿ ಹೋಗುತ್ತದೆ, ಅದಕ್ಕೆ ರಕ್ತ ಸಾಲುವುದಿಲ್ಲ. ನಿದ್ದೆಯಲ್ಲಿ ಮಣಿಕಟ್ಟು ಮಡಚಿದರೆ ಒತ್ತಡ ಇನ್ನೂ ಹೆಚ್ಚು. ಕಿರುಬೆರಳಿನ ನರ ಈ ದಾರಿಯಲ್ಲಿ ಬರುವುದೇ ಇಲ್ಲ. ಅಡಿಕೆಯೊಂದನ್ನೇ ದೂರುವುದು ಸರಿಯಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಇವೂ ಕಾರಣವಾಗುತ್ತವೆ.

ಆರಂಭದಲ್ಲಾದರೆ ರಾತ್ರಿ ಕಟ್ಟುವ ಪಟ್ಟಿ, ಸ್ಟೀರಾಯ್ಡ್ ಇಂಜೆಕ್ಷನ್ ಸಾಕಾಗಬಹುದು. ದೊಡ್ಡಮ್ಮನ ಹೆಬ್ಬೆರಳಿನ ಬುಡದ ಮಾಂಸ ಆಗಲೇ ಸೊರಗಿ ತಗ್ಗು ಬಿದ್ದಿತ್ತು. ಅದು ಆಪರೇಷನ್ನಿಗೆ ತಡಮಾಡಬಾರದೆಂಬ ಸೂಚನೆ.

ಆಪರೇಷನ್ ಎಂದರೆ ಆ ಮಾಡನ್ನು ಸೀಳಿ ನರಕ್ಕೆ ಜಾಗ ಮಾಡಿಕೊಡುವುದು. ತೆರೆದ ವಿಧಾನದಲ್ಲಿ ಅಂಗೈಯ ಬುಡದಲ್ಲಿ ಎರಡು ಮೂರು ಸೆಂಟಿಮೀಟರ್ ಕೊಯ್ದು, ಕಣ್ಣಾರೆ ನೋಡುತ್ತ ಸೀಳುತ್ತಾರೆ. 1980ರ ದಶಕದ ಕೊನೆಗೆ ಬಂದ ಎಂಡೋಸ್ಕೋಪಿಯಲ್ಲಿ ಸಣ್ಣ ಗಾಯದಿಂದ ಕ್ಯಾಮೆರಾ ತೂರಿಸಿ ಕೆಳಗಿನಿಂದ ಸೀಳುತ್ತಾರೆ. "ಯಾವುದು ಒಳ್ಳೆಯದು?" ಎಂದು ನಮ್ಮ ಮನೆಯಲ್ಲಿ ವಾರವಿಡೀ ಚರ್ಚೆ. ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಓದಿದೆ. ತಿಂಗಳುಗಳು ಕಳೆದ ಮೇಲೆ ಜೋಮು, ನೋವು, ಹಿಡಿತದಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. ವ್ಯತ್ಯಾಸವೆಲ್ಲ ಮೊದಲ ಕೆಲವು ವಾರಗಳದ್ದು: ಎಂಡೋಸ್ಕೋಪಿ ಆದವರು ಸರಾಸರಿ ಒಂದು ವಾರ ಮುಂಚೆ ಕೆಲಸಕ್ಕೆ ಮರಳುತ್ತಾರೆ, ಗಾಯದ ನೋವೂ ಕಡಿಮೆ. ಆದರೆ ನರಕ್ಕೆ ತಾತ್ಕಾಲಿಕ ತೊಂದರೆ ತುಸು ಹೆಚ್ಚು, ಖರ್ಚೂ ಹೆಚ್ಚು. ದಿನಗೂಲಿಗೆ ಬೀಡಿ ಕಟ್ಟುವವರಿಗೆ ಆ ಒಂದು ವಾರ ದೊಡ್ಡದೇ. ನನಗಂತೂ ವಿಧಾನದ ಹೆಸರಿಗಿಂತ, ಆ ಡಾಕ್ಟರು ಯಾವುದನ್ನು ಹೆಚ್ಚು ಮಾಡಿದ್ದಾರೆ ಎಂಬುದೇ ಮುಖ್ಯವೆನಿಸಿತು. ಅದನ್ನೇ ನೇರವಾಗಿ ಕೇಳಿದೆವು; ಅವರೂ ಬೇಸರಪಡದೆ ಹೇಳಿದರು.

ದೊಡ್ಡಮ್ಮನಿಗೆ ತೆರೆದ ಆಪರೇಷನ್ನೇ ಆಯಿತು. ಅಂಗೈಗೆ ಮಾತ್ರ ಮರಗಟ್ಟಿಸಿದ್ದರು, ಸಂಜೆಗೆ ಮನೆಗೆ ಬಂದೆವು. ಅಂಗೈಯ ಬುಡ ಒತ್ತಿದರೆ ನೋವು ಎರಡು ಮೂರು ತಿಂಗಳು ಇತ್ತು; ಅದು ಇರುವಂಥದ್ದೇ ಎಂದು ಮೊದಲೇ ತಿಳಿಸಿದ್ದರಿಂದ ಹೆದರಲಿಲ್ಲ. ರಾತ್ರಿಯ ನಿದ್ದೆ ಆ ವಾರವೇ ಮರಳಿತು. ಹೆಬ್ಬೆರಳಿನ ಬುಡದ ತಗ್ಗು ಮಾತ್ರ ಪೂರ್ತಿ ತುಂಬಿಲ್ಲ. ಸೂಜಿಗೆ ನೂಲು ಪೋಣಿಸಲು ಈಗಲೂ ನನ್ನನ್ನು ಕರೆಯುತ್ತಾರೆ.