"ಪರವಾಗಿಲ್ಲ ಸಿಸ್ಟರ್" ಅಂದ್ರೆ ನೋವಿಲ್ಲ ಅಂತಲ್ಲ

ಕ್ಯಾನ್ಸರ್ ವಾರ್ಡಲ್ಲಿ ನೋವು ಹೇಗಿದೆ ಅಂತ ಯಾರನ್ನ ಕೇಳಿದ್ರೂ ಮೊದಲು ಬರೋ ಮಾತು "ಪರವಾಗಿಲ್ಲ ಸಿಸ್ಟರ್". ಮೂಳೆಗೆ ಹರಡಿದ್ದ ಒಬ್ರು ಅಮ್ಮ ಇದ್ರು, ಮಲಗಿದ್ದಾಗ ಕೇಳಿದ್ರೆ ಹತ್ತಕ್ಕೆ 2 ಅಂತಿದ್ರು (0 ಅಂದ್ರೆ ನೋವೇ ಇಲ್ಲ, 10 ಅಂದ್ರೆ ತಡೀಲಾರದ ನೋವು), ನಾನೂ ಚಾರ್ಟಲ್ಲಿ 2 ಅಂತ ಬರೆದು ಮುಂದಿನ ಬೆಡ್ಡಿಗೆ ಹೋಗ್ತಿದ್ದೆ. ಒಂದಿನ ಬೆಡ್‌ಶೀಟ್ ಬದಲಾಯ್ಸೋಕೆ ಮಗ್ಗುಲಿಗೆ ತಿರುಗಿಸ್ದಾಗ ನೋಡ್ತೀನಿ, ಮಂಚದ ಕಂಬಿ ಹಿಡ್ಕೊಂಡಿದ್ದ ಬೆರಳೆಲ್ಲ ಬೆಳ್ಳಗಾಗಿವೆ. "ಈಗೆಷ್ಟಮ್ಮಾ?" ಅಂದೆ. "8" ಅಂದ್ರು. ಅವತ್ತಿಂದ ಮಲಗಿದ್ದಾಗ ಒಂದ್ಸಲ, ಏಳುವಾಗ ಕೆಮ್ಮುವಾಗ ಒಂದ್ಸಲ ಕೇಳಿ ಎರಡೂ ಬರೀತೀನಿ.

ನೋವು ಹೆಂಗಿದೆ ಅನ್ನೋದೂ ಬೇಕು. ಉರಿ, ಕರೆಂಟ್ ಹೊಡೆದಂಗೆ ಅಂದ್ರೆ ನರದ ನೋವಿರಬಹುದು, ಅದಕ್ಕೆ ಬೇರೆ ಮಾತ್ರೆನೂ ಸೇರಿಸ್ಬೇಕಾಗುತ್ತೆ, ಹಾಗಾಗಿ ಪೇಷಂಟ್ ಹೇಳಿದ ಪದಾನೇ ಡಾಕ್ಟರಿಗೆ ಮುಟ್ಟಿಸಿ.

ನೋವಿನ ಮಾತ್ರೆನ ನೋವು ತಡೀಲಾರದಷ್ಟು ಆದ್ಮೇಲೆ ಕೊಡೋದಲ್ಲ, ಗಡಿಯಾರ ನೋಡಿ ಕೊಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಜೋರು ನೋವಿಗೆ ಕೊಡೋ ಮಾರ್ಫಿನ್‌ನ ಸಾದಾ ಮಾತ್ರೆ ಆದ್ರೆ ಸಾಮಾನ್ಯವಾಗಿ 4 ಗಂಟೆಗೊಂದ್ಸಲ, ಮಧ್ಯೆ ನುಗ್ಗೋ ನೋವಿಗೆ ಡಾಕ್ಟರ್ ಬರೆದಿರೋ ಎಕ್ಸ್‌ಟ್ರಾ ಡೋಸ್ ಬೇರೆ. ಡ್ರೆಸ್ಸಿಂಗ್ ಇದ್ರೆ ಆ ಡೋಸನ್ನ ಅರ್ಧ ಮುಕ್ಕಾಲು ಗಂಟೆ ಮುಂಚೆನೇ ಕೊಟ್ಬಿಡಿ. ಮಾತ್ರೆ ಕೊಟ್ಟು ಸುಮಾರು ಒಂದು ಗಂಟೆಗೆ ವಾಪಸ್ ಹೋಗಿ ಈಗೆಷ್ಟು ಅಂತ ಕೇಳೋದನ್ನ ಎಷ್ಟೇ ಕೆಲಸ ಇದ್ರೂ ಬಿಡ್ಬೇಡಿ, ಇಳಿದಿಲ್ಲ ಅಂದ್ರೆ ಮುಂದಿನ ಡೋಸ್ ತನಕ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಮನೆಯವರ ಭಯ ದೊಡ್ಡದು. ಮಾರ್ಫಿನ್ ಅಂದ ಕೂಡ್ಲೇ ಚಟ ಹತ್ತುತ್ತೆ, ಇನ್ನು ಮುಗೀತು ಅಂತ ಮಾತ್ರೆನ ದಿಂಬಿನ ಕೆಳಗೆ ಬಚ್ಚಿಡೋರಿದ್ದಾರೆ, ಅವರನ್ನ ಗದರಬಾರದು, ಪಕ್ಕ ಕೂತು ಏನು ಭಯ ಅಂತ ಕೇಳ್ಬೇಕು. ಡಾಕ್ಟರ್ ಹೇಳ್ದಂಗೆ ನೋವಿಗೆ ಅಂತ ತಗೊಂಡ್ರೆ ಚಟ ಆಗೋದು ಕಡಿಮೆ. ಮಲಬದ್ಧತೆ ಮಾತ್ರ ಬಂದೇ ಬರುತ್ತೆ ಅಂದ್ಕೊಳ್ಳಿ, ಮೊದಲ ದಿನದಿಂದ್ಲೇ ಅದಕ್ಕೆ ಔಷಧಿ ಕೇಳಿ ಬರೆಸ್ಕೊಳ್ಳಿ. ವಾಕರಿಕೆ, ಮಂಪರು ಸಾಮಾನ್ಯವಾಗಿ ಕೆಲವೇ ದಿನದಲ್ಲಿ ಇಳಿಯುತ್ತೆ, ಆದ್ರೆ ಎಬ್ಬಿಸಿದ್ರೂ ಸರಿಯಾಗಿ ಏಳ್ತಿಲ್ಲ ಅಂದ್ರೆ ಡೋಸ್ ನಿಲ್ಲಿಸಿ, ಉಸಿರು ಎಣಿಸಿ, ಆ ಕ್ಷಣನೇ ಡಾಕ್ಟರನ್ನ ಕರೀರಿ. ಫೆಂಟನಿಲ್ ಪಟ್ಟಿ (ಚರ್ಮಕ್ಕೆ ಅಂಟಿಸೋ ನೋವಿನ ಔಷಧಿ) ಹಾಕಿರೋ ಕಡೆ ಬಿಸಿನೀರಿನ ಬ್ಯಾಗ್ ಇಡೋಕೆ ಬಿಡ್ಲೇಬೇಡಿ, ಬಿಸಿಗೆ ಔಷಧಿ ಜಾಸ್ತಿ ಒಳಗೆ ಹೋಗ್ಬಿಡುತ್ತೆ.

ಆ ಅಮ್ಮಂಗೆ ಡೋಸ್ ಸರಿಮಾಡಿದ ಮೂರನೇ ದಿನ, ತಿರುಗಿಸುವಾಗ 3 ಅಂದ್ರು. ಕೈ ಕಂಬಿ ಮೇಲಿರಲಿಲ್ಲ, ನನ್ನ ತೋಳು ಹಿಡ್ಕೊಂಡಿದ್ರು, ಅದೂ ಮೆಲ್ಲಗೆ.