ದಾಸರ ಪದ ಹಳೆಯದು, ಕ್ಯಾಸೆಟ್ ಹಳೆಯದಲ್ಲ

ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡುವ ಹುಡುಗರು ಚಿಕ್ಕಮಗಳೂರಿನಲ್ಲಿ ಈಗ ಬಹಳ. ಕ್ಯಾಮೆರಾ ಬಾಡಿಗೆಗೆ, ಚಿತ್ರೀಕರಣಕ್ಕೆ ಬಿಟ್ಟುಕೊಟ್ಟ ತೋಟಕ್ಕೆ, ನಟಿಸಿದವರಿಗೆ ಎಲ್ಲಕ್ಕೂ ಕಾಗದಪತ್ರ ಮಾಡಿಸಿಕೊಂಡಿರುತ್ತಾರೆ. ಹಾಡಿನದು ಮಾತ್ರ ಇರುವುದಿಲ್ಲ. ಕೇಳಿದರೆ, "ಅದು ಹಳೆಯ ಹಾಡು ಸರ್, ಅದಕ್ಕೆ ಯಾರ ಅನುಮತಿ?" ಎನ್ನುತ್ತಾರೆ. ವಕೀಲಿ ವೃತ್ತಿಯಲ್ಲಿ ಇಷ್ಟು ಬೇಸರ ತರಿಸುವ ಮಾತು ಇನ್ನೊಂದಿಲ್ಲ. ಹಾಗೆ ಹೇಳುವವರು ಆ ಹಾಡನ್ನು ಮನಸಾರೆ ಪ್ರೀತಿಸುವವರೇ ಆಗಿರುತ್ತಾರೆ ಎಂಬುದರಿಂದ ಬೇಸರ ಇನ್ನೂ ಹೆಚ್ಚು.

ಹೀಗೆ ಬಂದ ಯುವಕನೊಬ್ಬ (ಗುರುತು ಬಿಟ್ಟು ಹೇಳುತ್ತೇನೆ) ಅಜ್ಜಿ ತೀರಿಕೊಂಡ ಮನೆಯ ದೃಶ್ಯಕ್ಕೆ ಹಳೆಯ ಕ್ಯಾಸೆಟ್‌ನಲ್ಲಿದ್ದ ಪುರಂದರದಾಸರ ಪದ ಹಾಕಿದ್ದ. ನನ್ನ ಮೇಜಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಒಲೆಯ ಬೂದಿ, ಗೋಡೆಗೆ ಒರಗಿಸಿದ ಊರುಗೋಲು. ತಂಬೂರಿಯ ಶ್ರುತಿ ಎದ್ದ ಕಡೆ ಬಾಗಿಲು ತೆರೆಯುತ್ತದೆ, ಪಲ್ಲವಿ ಮರಳಿ ಬಂದ ಕಡೆ ಮೊಮ್ಮಗಳ ಮುಖ ಕಾಣುತ್ತದೆ. ನಿಜವಾಗಿಯೂ ಚೆನ್ನಾಗಿತ್ತು. ಚಿತ್ರೋತ್ಸವದವರು ಸಂಗೀತದ ಅನುಮತಿಪತ್ರ ಕೇಳಿದ್ದರಿಂದ ಓಡಿ ಬಂದಿದ್ದ. "ದಾಸರು ಹೋಗಿ ನಾಲ್ಕೂವರೆ ಶತಮಾನ ಆಯಿತಲ್ಲ ಸರ್" ಎಂದ.

ಆಯಿತು, ಸಾಹಿತ್ಯ ಎಲ್ಲರದು. ಆದರೆ ಕ್ಯಾಸೆಟ್‌ನಲ್ಲಿ ಇರುವುದು ಸಾಹಿತ್ಯವೊಂದೇ ಅಲ್ಲವಲ್ಲ! ದಾಸರ ಪದಗಳ ಮೂಲ ಧಾಟಿ ಬಹುಪಾಲು ಉಳಿದಿಲ್ಲ. ಇಂದು ಕೇಳುವ ಎಷ್ಟೋ ಪದಗಳಿಗೆ ರಾಗ ಹಾಕಿದವರು ಇಪ್ಪತ್ತನೆಯ ಶತಮಾನದ ಸಂಗೀತಗಾರರು. ಅವರ ಹಕ್ಕು ಅವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಹಾಡಿದವರಿಗೂ ಪಕ್ಕವಾದ್ಯದವರಿಗೂ ಪ್ರದರ್ಶಕರೆಂಬ ಹಕ್ಕು ಬೇರೆ. ಇನ್ನು ಧ್ವನಿಮುದ್ರಿಕೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಮುದ್ರಿಕೆ ಹೊರಬಂದ ವರ್ಷ ಕಳೆದು ಮುಂದಿನ ಜನವರಿ 1ರಿಂದ 60 ವರ್ಷ ಅದರ ಹಕ್ಕು ಮಾಡಿಸಿದ ಕಂಪನಿಯದು. ಕ್ಯಾಸೆಟ್ 1982ರದ್ದಾದರೆ 2042 ಮುಗಿಯುವವರೆಗೆ. ಪದ ಎಷ್ಟು ಹಳೆಯದು ಎಂದು ಕೇಳಬೇಡಿ, ನೀವು ಬಳಸಿದ ಈ ಧ್ವನಿ ಯಾವ ವರ್ಷ ಹೊರಬಂತು ಎಂದು ಕೇಳಿ. ಎರಡಕ್ಕೂ ಉತ್ತರ ಬೇರೆ, ಒಡೆಯರೂ ಬೇರೆ. ಒಬ್ಬರ ಅನುಮತಿ ಇದ್ದರೆ ಇನ್ನೊಬ್ಬರದು ತಾನಾಗಿ ಸಿಕ್ಕಂತೆ ಆಗುವುದಿಲ್ಲ.

ಇದರ ತಿರುವುಮುರುವೂ ಉಂಟು. "ಕುವೆಂಪು ನಮ್ಮ ಜಿಲ್ಲೆಯವರೇ, ಹೊಸದಾಗಿ ಹಾಡಿಸಿದ್ದೇವೆ, ಕಂಪನಿಯ ಗೊಡವೆಯೇ ಇಲ್ಲ" ಎಂದು ಬರುವವರಿದ್ದಾರೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕವಿ ನಮ್ಮವರು ಎಂಬ ಹೆಮ್ಮೆ ನನಗೂ ಇದೆ. ಆದರೆ ಅವರು ತೀರಿಕೊಂಡದ್ದು 1994ರಲ್ಲಿ. ಕವಿತೆಯ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. ಬೇಂದ್ರೆಯವರದು 2041ರವರೆಗೆ. ಅಲ್ಲಿ ಮುದ್ರಿಕೆ ನಿಮ್ಮದು, ಸಾಹಿತ್ಯ ನಿಮ್ಮದಲ್ಲ.

ಮೂವತ್ತು ಸೆಕೆಂಡಿನವರೆಗೆ ಬಳಸಬಹುದು ಎಂಬ ಮಾತು ಎಲ್ಲಿಂದ ಹುಟ್ಟಿತೋ, ಕಾಯಿದೆಯಲ್ಲಂತೂ ಇಲ್ಲ. ಕೊನೆಯಲ್ಲಿ 'ಕೃಪೆ' ಎಂದು ಹೆಸರು ಹಾಕುವುದು ಸೌಜನ್ಯ, ಅನುಮತಿಯಲ್ಲ. ಗೊತ್ತಿದ್ದೂ ಬಳಸಿದರೆ 63ನೆಯ ಕಲಮಿನಂತೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ವಿಮರ್ಶೆಗೆ, ಸುದ್ದಿಗೆ ವಿನಾಯಿತಿಗಳಿವೆ. ಅವು ನಿಮ್ಮ ಚಿತ್ರಕ್ಕೆ ಅನ್ವಯಿಸುತ್ತವೆಯೇ ಎಂಬುದನ್ನು ಚಿತ್ರವನ್ನೂ ದಾಖಲೆಯನ್ನೂ ನೋಡದೆ ಯಾವ ವಕೀಲರೂ ಹೇಳಬಾರದು.

ಈ ಗೋಜಲು ಹೆಚ್ಚಾಗಿ ಹುಟ್ಟುವುದು ಸಂಕಲನದ ಕೋಣೆಯಲ್ಲಿ. ಸದ್ಯಕ್ಕೆ ಇರಲಿ ಎಂದು ಟೆಂಪ್ ಟ್ರ್ಯಾಕ್ (ತಾತ್ಕಾಲಿಕ ಸಂಗೀತ) ಹಾಕುತ್ತಾರೆ, ಅದರ ಲಯಕ್ಕೇ ದೃಶ್ಯಗಳನ್ನು ಕತ್ತರಿಸುತ್ತಾರೆ, ಆಮೇಲೆ ಬೇರೆ ಯಾವುದೂ ಕಿವಿಗೆ ಹಿಡಿಸುವುದಿಲ್ಲ. ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಸ್ಟ್ಯಾನ್ಲಿ ಕುಬ್ರಿಕ್ ತನ್ನ 1968ರ ಬಾಹ್ಯಾಕಾಶದ ಚಿತ್ರಕ್ಕೆ ಅಲೆಕ್ಸ್ ನಾರ್ತ್ ಬರೆದುಕೊಟ್ಟ ಸಂಗೀತವನ್ನು ಕೈಬಿಟ್ಟು, ಮೊದಲೇ ಇದ್ದ ಸಂಗೀತವನ್ನೇ ಉಳಿಸಿಕೊಂಡ. ಅದರಲ್ಲಿ ಒಂದು ಯೋಹಾನ್ ಸ್ಟ್ರಾಸ್‌ನ ವಾಲ್ಟ್ಸ್ ಎಂಬ ನೃತ್ಯಸಂಗೀತ. ಸ್ಟ್ರಾಸ್ ತೀರಿಕೊಂಡದ್ದು 1899ರಲ್ಲಿ. ಆದರೆ ಚಿತ್ರದಲ್ಲಿ ಕೇಳುವುದು ಕರಾಯನ್ ಸಂಗೀತ ನಿರ್ದೇಶನದಲ್ಲಿ ಬರ್ಲಿನ್ ಫಿಲ್ಹಾರ್ಮೋನಿಕ್ ವಾದ್ಯವೃಂದ ನುಡಿಸಿದ ಮುದ್ರಿಕೆ, ಆಗಿನ ಕಾಲಕ್ಕೆ ಹೊಸದು. ನಮ್ಮ ಹುಡುಗನ ಕ್ಯಾಸೆಟ್ಟಿನ ಪ್ರಶ್ನೆಯೂ ಇದೇ.

ಅವನು ಕಂಪನಿಗೆ ಬರೆದ. ಅವರು ಚಿತ್ರೋತ್ಸವಕ್ಕೆ ಒಂದು ದರ, ಒಟಿಟಿ ಮತ್ತು ಯೂಟ್ಯೂಬ್‌ಗೆ ಬೇರೆ ದರ ಹೇಳಿದರು. ತಪ್ಪೇನೂ ಇಲ್ಲ, ಎಲ್ಲಿ, ಎಷ್ಟು ವರ್ಷ, ಟ್ರೇಲರ್‌ನಲ್ಲೂ ಬಳಕೆಯೇ ಎಂಬುದರ ಮೇಲೆ ದರ ನಿಲ್ಲುತ್ತದೆ. ಅಷ್ಟು ಹಣ ಅವನಲ್ಲಿರಲಿಲ್ಲ. ಕೊನೆಗೆ ನಿವೃತ್ತ ಸಂಗೀತ ಶಿಕ್ಷಕಿಯೊಬ್ಬರು ತಮ್ಮ ತಾಯಿಯೇ ಕಟ್ಟಿಕೊಂಡು ಮನೆಯಲ್ಲಿ ಹಾಡುತ್ತಿದ್ದ ಧಾಟಿಯಲ್ಲಿ ಆ ಪದವನ್ನು ಬರಿಯ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿಕೊಟ್ಟರು. ಅವರ ಗತಿ ನಿಧಾನ. ದೃಶ್ಯವನ್ನು ಮತ್ತೆ ಕತ್ತರಿಸಬೇಕಾಯಿತು. ಹುಡುಗ ಗೊಣಗಿದ, ಆದರೆ ಮಾಡಿದ.

"ನನಗೆ ಕಾಗದವೇಕೆ, ಹೆಸರು ಸರಿಯಾಗಿ ಬಂದರೆ ಸಾಕು" ಎಂದರು ಆ ಶಿಕ್ಷಕಿ. ಆದರೂ ಒಪ್ಪಂದ ಬರೆಸಿದೆ. ಗಾಯನಕ್ಕೂ ಅವರ ತಾಯಿಯ ಧಾಟಿಗೂ ಒಪ್ಪಿಗೆ, ಸಂಭಾವನೆಯ ಮೊತ್ತ, ಮುಂದೆ ಹಣ ಬಂದರೆ ಅದರಲ್ಲಿ ಅವರ ಪಾಲು, ಹೆಸರು ಹೇಗೆ ಬರಬೇಕು ಎಂಬುದು ಸೇರಿ ಎರಡು ಪುಟ. ಕನ್ನಡದಲ್ಲೇ ಬರೆಸಿ, ಅವರು ಪೂರ್ತಿ ಓದಿದ ಮೇಲೆಯೇ ಸಹಿ ಹಾಕಿಸಿದೆವು.