ಒಂದೇ ಒಂದು ಡಿ-ಬಿಟ್‌ಗೆ ರೇಟು ಹೇಳುವುದು ಹೇಗೆ

ಹವ್ಯಾಸಕ್ಕೆಂದು ಪುಟ್ಟ ಉಗಿ ಎಂಜಿನ್ನು, ಗಡಿಯಾರ ಮಾಡುವವರು ಕೇಳುವ ಟೂಲುಗಳು ಸಾಮಾನ್ಯವಾಗಿ ರೆಡಿ ಅಳತೆಯಲ್ಲಿ ಸಿಗುವುದಿಲ್ಲ. 7.3 ಮಿ.ಮೀ. ತೂತಿನ ತಳ ಚಪ್ಪಟೆಯಾಗಿ ಬರಬೇಕು, ಎರಡು ಬಿಟ್ ಸಾಕು ಅಂತ ಒಬ್ಬರು ಕೇಳುತ್ತಾರೆ. ಕವಾಟ ಕೂರುವ ಜಾಗಕ್ಕೆ ಇಂಥದೇ ಕೋನ ಬೇಕು, ಒಂದೇ ಸಾಕು ಅಂತ ಇನ್ನೊಬ್ಬರು. ಇಂಥ ಕೆಲಸಕ್ಕೆ ಹಳೆಯ ಕಾಲದಿಂದ ಇರುವ ಉತ್ತರ ಡಿ-ಬಿಟ್, ಅಂದರೆ ತುದಿ D ಅಕ್ಷರದ ಆಕಾರದಲ್ಲಿರುವ, ತೂತು ಕೊರೆಯುವ ಟೂಲು. ಸಿಲ್ವರ್ ಸ್ಟೀಲ್ (ಹೆಸರಲ್ಲಷ್ಟೇ ಬೆಳ್ಳಿ, ನಿಜಕ್ಕೆ ಟೂಲು ಮಾಡುವ ಉಕ್ಕು) ರಾಡಿನ ತುದಿಯನ್ನು ಉದ್ದುದ್ದಕ್ಕೆ ಅರ್ಧ ತೆಗೆದು, ಗಟ್ಟಿ ಮಾಡಿ, ಅಂಚನ್ನು ಸಾಣೆಕಲ್ಲಿನಲ್ಲಿ ತೀಡಿದರೆ ಟೂಲು ಸಿದ್ಧ. ಮಾಡುವುದು ಕಷ್ಟವಲ್ಲ, ರೇಟು ಹೇಳುವುದೇ ಕಷ್ಟ. ಹಾಗಾಗಿ ಇದನ್ನೇ ಉದಾಹರಣೆಯಾಗಿ ಹಿಡಿದು ಲೆಕ್ಕ ಬಿಡಿಸೋಣ.

ಲೆಕ್ಕಕ್ಕೆ ಅನುಕೂಲವಾಗಲೆಂದು ಕೆಲವು ಅಂಕಿ ಇಟ್ಟುಕೊಳ್ಳೋಣ. ನಿಮ್ಮ ಮಷಿನ್ನಿನಲ್ಲಿ ಇವು ಬೇರೆಯಿರುತ್ತವೆ. ಡ್ರಾಯಿಂಗ್ ಓದಿ, ಅನುಮಾನ ಕೇಳಿ ಬಗೆಹರಿಸಿಕೊಳ್ಳಲು 15 ನಿಮಿಷ. ರಾಡು ಹುಡುಕಿ ಕತ್ತರಿಸಲು 5. ಲೇತಿಗೆ ಕೊಲೆಟ್ (ರಾಡನ್ನು ಬಿಗಿಯಾಗಿ ಹಿಡಿಯುವ ತೋಳು) ಹಾಕಿ ಟೂಲು ಸೆಟ್ ಮಾಡಲು 15. ಮಿಲ್ಲಿಂಗ್ ಮಷಿನ್ನಿನಲ್ಲಿ ವೈಸ್ ನೇರ ಮಾಡಿ, ಕಟರ್ ತಾಗಿಸಿ ಸೊನ್ನೆ ಹಿಡಿಯಲು 20. ಕುಲುಮೆ, ನೀರು ಅಣಿಮಾಡಲು 5. ಒಟ್ಟು 60 ನಿಮಿಷ, ಇನ್ನೂ ಒಂದು ಚೂರು ಲೋಹವೂ ಕತ್ತರಿಸಿ ಬಿದ್ದಿಲ್ಲ. ಟರ್ನಿಂಗ್ (ಲೇತಿನಲ್ಲಿ ವ್ಯಾಸ ಇಳಿಸುವುದು), ಮಿಲ್ಲಿಂಗ್ (ತುದಿಯ ಅರ್ಧ ತೆಗೆಯುವುದು), ಹಾರ್ಡನಿಂಗ್ (ಗಟ್ಟಿ ಮಾಡುವುದು), ತೀಡುವುದು ಎಲ್ಲ ಸೇರಿ ಬಿಟ್ ಒಂದಕ್ಕೆ 12 ನಿಮಿಷ ಅಂತಿಟ್ಟುಕೊಳ್ಳಿ. ಒಂದೇ ಮಾಡಿದರೆ 72 ನಿಮಿಷ. ಹತ್ತು ಮಾಡಿದರೆ ಒಂದರ ಪಾಲಿಗೆ 18.

ಇಲ್ಲಿ ಕಲಿಯುವವರು ಬಿಟ್ಟುಬಿಡುವ ಒಂದು ಬಾಬತ್ತಿದೆ: ಕೆಟ್ಟು ಹೋಗುವ ಬಿಟ್. ಸಿಲ್ವರ್ ಸ್ಟೀಲಿನಲ್ಲಿ ಸುಮಾರು 1% ಕಾರ್ಬನ್ ಇರುತ್ತದೆ. ಅದನ್ನು 770 ರಿಂದ 790 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೀರಿಗೆ ಅದ್ದಬೇಕು. ಥರ್ಮಾಮೀಟರ್ ಇಲ್ಲದವರು ಆಯಸ್ಕಾಂತ ಹಿಡಿದು ನೋಡುತ್ತಾರೆ, ಏಕೆಂದರೆ 770 ಡಿಗ್ರಿಯ ಆಸುಪಾಸಿನಲ್ಲಿ ಉಕ್ಕು ಆಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಡಿ-ಬಿಟ್‌ನ ತೊಂದರೆಯೆಂದರೆ ಅದರ ತುದಿ ಒಂದು ಕಡೆ ದುಂಡು, ಇನ್ನೊಂದು ಕಡೆ ಚಪ್ಪಟೆ. ಎರಡು ಕಡೆಯೂ ಒಂದೇ ಸಮನೆ ತಣಿಯುವುದಿಲ್ಲ, ಹಾಗಾಗಿ ಬಾಗಬಹುದು. ನೆಟ್ಟಗೆ ನಿಲ್ಲಿಸಿಕೊಂಡೇ ಅದ್ದಿದರೆ ಈ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆಮೇಲೆ ಟೆಂಪರಿಂಗ್‌ನಲ್ಲಿ 220–230 ಡಿಗ್ರಿಗೆ, ಅಂದರೆ ತೆಳು ಹುಲ್ಲಿನ ಬಣ್ಣ ಮೂಡುವವರೆಗೆ, ಮತ್ತೆ ಕಾಯಿಸಬೇಕು. ಅದನ್ನು ಬಿಟ್ಟರೆ ಅಂಚು ಗಾಜಿನಂತೆ ಚಕ್ಕೆ ಏಳುತ್ತದೆ.

ಆದ್ದರಿಂದ ಒಂದು ಬಿಟ್‌ನ ಆರ್ಡರಿಗೆ ಎರಡು ಬಿಟ್ ಮಾಡಬೇಕು. ಲೆಕ್ಕ ಈಗ 60 ಕೂಡಿಸು 24, ಒಟ್ಟು 84 ನಿಮಿಷ. ಹತ್ತರ ಆರ್ಡರಿಗೆ ಹನ್ನೊಂದು ಮಾಡಿದರೆ ಒಟ್ಟು 192, ಒಂದಕ್ಕೆ 19.2. ಒಂಟಿ ಬಿಟ್ ಕೊಳ್ಳುವವರು ಸೆಟ್ಟಿಂಗ್, ಅಂದರೆ ತಯಾರಿಯ ಸಮಯ, ಅಷ್ಟೇ ಅಲ್ಲ, ಅಪಾಯವನ್ನೂ ಒಬ್ಬರೇ ಹೊರುತ್ತಾರೆ. ಹೆಚ್ಚುವರಿ ಬಿಟ್ ಚೆನ್ನಾಗಿ ಬಂದರೆ ಡ್ರಾಯರಿನಲ್ಲಿ ಇಡಿ. ಮುಂದೆ ಮಾರಾಟವಾಗಬಹುದೆಂದು ಇವತ್ತೇ ರೇಟು ಇಳಿಸಬೇಡಿ.

ಮಷಿನ್ ಜೋರಾಗಿ ಓಡಿಸಿದರೆ ಅಗ್ಗವಾಗುವುದಿಲ್ಲವೇ? ನೋಡೋಣ. ಸುತ್ತಿನ ವೇಗಕ್ಕೆ ಸೂತ್ರ ಎಲ್ಲರಿಗೂ ಗೊತ್ತಿರುವುದೇ: ಕತ್ತರಿಸುವ ವೇಗವನ್ನು 1000ದಿಂದ ಗುಣಿಸಿ, 3.14 ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಬೇಕು. 8 ಮಿ.ಮೀ. ರಾಡು, ಹೈಸ್ಪೀಡ್ ಸ್ಟೀಲ್ ಟೂಲು, ನಿಮಿಷಕ್ಕೆ 15 ಮೀಟರ್ ಅಂದರೆ ಸುಮಾರು 600 ಸುತ್ತು. ಒಂದು ಸುತ್ತಿಗೆ ಟೂಲು 0.1 ಮಿ.ಮೀ. ಮುಂದೆ ಸರಿಯುವಂತೆ ಫೀಡ್ ಕೊಟ್ಟರೆ 25 ಮಿ.ಮೀ. ಉದ್ದಕ್ಕೆ 25 ಸೆಕೆಂಡು. ಇನ್ನೂ ಗಟ್ಟಿಯಾದ ಕಾರ್ಬೈಡ್ ಟೂಲು ಹಾಕಿ ವೇಗ ನಾಲ್ಕು ಪಟ್ಟು ಮಾಡಿದರೆ 6 ಸೆಕೆಂಡು ಚಿಲ್ಲರೆ. 84 ನಿಮಿಷದ ಕೆಲಸದಲ್ಲಿ ಉಳಿದದ್ದು ಬಿಟ್‌ಗೆ 19 ಸೆಕೆಂಡು. ಸಾವಿರ ಬಿಟ್ ಮಾಡುವವರಿಗೆ ಇದು ದೊಡ್ಡದು, ನಮ್ಮ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಬದಲಿಗೆ ಒಂದು ಪ್ರಶ್ನೆ ಕೇಳಿ: ‘7.3 ಯಾಕೆ ಬೇಕು? 8 ಆದರೆ ನಡೆಯುತ್ತದೆಯೇ?’ ಸಿಲ್ವರ್ ಸ್ಟೀಲ್ ರಾಡು ಗ್ರೈಂಡ್ ಆಗಿ, ಸರಿಯಾದ ಅಳತೆಯಲ್ಲೇ ಬರುತ್ತದೆ. 8 ಒಪ್ಪಿಗೆಯಾದರೆ ಲೇತಿನ ಸೆಟ್ಟಿಂಗೇ ಬೇಡ. 15 ನಿಮಿಷ ಅಲ್ಲಿ ಹೋಯಿತು, ಬಿಟ್‌ಗೆ 4 ನಿಮಿಷದಂತೆ ಟರ್ನಿಂಗೂ ಹೋಯಿತು. 84 ಇದ್ದದ್ದು 61ಕ್ಕೆ ಇಳಿಯಿತು. ರೇಟು ಇಳಿಸಲು ನನಗೆ ಸರಿಯೆನಿಸುವ ದಾರಿ ಇದೊಂದೇ. ಕೆಲಸ ಕಡಿಮೆಯಾದರೆ ದುಡ್ಡು ಕಡಿಮೆಯಾಗಲಿ. ಅದೇ ಕೆಲಸಕ್ಕೆ ಸುಮ್ಮನೆ ರಿಯಾಯಿತಿ ಕೊಟ್ಟರೆ ಮುಂದಿನವರಿಗೆ ಹೇಳುವ ರೇಟೂ ಸುಳ್ಳಾಗುತ್ತದೆ.

ಟಾಲರೆನ್ಸ್, ಅಂದರೆ ಅಳತೆಯಲ್ಲಿ ಎಷ್ಟು ಹೆಚ್ಚು-ಕಡಿಮೆ ನಡೆಯುತ್ತದೆ ಎಂಬ ವಿಷಯವೂ ಹೀಗೇ. ಹವ್ಯಾಸಿಗಳ ಡ್ರಾಯಿಂಗಿನಲ್ಲಿ ಎಷ್ಟೋ ಸಲ ಎಲ್ಲ ಅಳತೆಗೂ 0.01 ಬರೆದಿರುತ್ತದೆ. ಡಿ-ಬಿಟ್‌ನಲ್ಲಿ ಮುಖ್ಯವಾದದ್ದು ಎರಡೇ: ಕತ್ತರಿಸುವ ತುದಿಯ ವ್ಯಾಸ, ಮತ್ತು ಚಪ್ಪಟೆ ಭಾಗದ ದಪ್ಪ. 7.3ರ ಅರ್ಧ 3.65, ದಪ್ಪ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿರಲಿ, ಕಡಿಮೆಯಾಗಬಾರದು. ಕಡಿಮೆಯಾದರೆ ಬಿಟ್‌ನ ದುಂಡು ಬೆನ್ನು ತೂತಿನ ಗೋಡೆಗೆ ಪೂರ್ತಿ ಆನಿಕೊಳ್ಳದೆ ಅಳತೆ ತಪ್ಪುತ್ತದೆ. ಉಳಿದ ಉದ್ದಗಳಿಗೆ ಸಾಮಾನ್ಯ ಟಾಲರೆನ್ಸಿನ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 2768-1ರ ಮಧ್ಯಮ ದರ್ಜೆ ಧಾರಾಳ ಸಾಕು, 6ರಿಂದ 30 ಮಿ.ಮೀ.ವರೆಗೆ ಅದು 0.2 ಹೆಚ್ಚು-ಕಡಿಮೆಗೆ ಅವಕಾಶ ಕೊಡುತ್ತದೆ. ಮೈಕ್ರೋಮೀಟರ್ ಹಿಡಿಯುವ ಪ್ರತಿ ಅಳತೆಗೂ ಸಮಯ ಬೇಕು, ಆ ಸಮಯಕ್ಕೂ ಯಾರೋ ದುಡ್ಡು ಕೊಡಬೇಕು.

ಇನ್ನು ಗಂಟೆಯ ದರ. ವಾರಕ್ಕೆ ನಿಮ್ಮ ಕೂಲಿ, ಬಾಡಿಗೆ, ಕರೆಂಟು, ಮಷಿನ್ ಸವಕಳಿ ಎಲ್ಲ ಸೇರಿ 4,800 ಅಂತಿಟ್ಟುಕೊಳ್ಳಿ, ನಾಣ್ಯ ಯಾವುದಾದರೂ ಸರಿ. ವರ್ಕ್‌ಶಾಪಿನಲ್ಲಿ 40 ಗಂಟೆ ಇರುತ್ತೀರಿ, ಗಂಟೆಗೆ 120 ಎನಿಸುತ್ತದೆ. ಆದರೆ ಗುಡಿಸುವುದು, ಸಾಮಾನು ತರುವುದು, ಫೋನಿಗೆ ಉತ್ತರಿಸುವುದು ಕಳೆದು ಬಿಲ್ ಮಾಡಬಹುದಾದದ್ದು 24 ಗಂಟೆಯಾದರೆ ನಿಜವಾದ ದರ 200. 84 ನಿಮಿಷಕ್ಕೆ 120ರ ದರದಲ್ಲಿ 168, 200ರ ದರದಲ್ಲಿ 280. ಈ 112ರ ವ್ಯತ್ಯಾಸ ಪ್ರತಿ ಬಿಟ್‌ನಲ್ಲೂ ಸದ್ದಿಲ್ಲದೆ ಜೇಬಿನಿಂದ ಹೋಗುತ್ತಿರುತ್ತದೆ.

ರಾಡಿಗೆ 20 ಸೇರಿಸಿದರೆ ಖರ್ಚು 300. ಲಾಭ 25% ಇರಲಿ ಅಂತ 300ಕ್ಕೆ 25% ಕೂಡಿಸಿ 375 ಬರೆಯುವುದು ರೂಢಿ. ಆ 75 ಮಾರಿದ ಬೆಲೆಯ 20% ಮಾತ್ರ. ಮಾರಿದ ಬೆಲೆಯ ಮೇಲೆ 25% ಬೇಕಿದ್ದರೆ 300ನ್ನು 0.75ರಿಂದ ಭಾಗಿಸಿ, 400 ಬರುತ್ತದೆ. ಎರಡರಲ್ಲಿ ಯಾವುದನ್ನಾದರೂ ಹಿಡಿಯಿರಿ, ಬೆರೆಸಬೇಡಿ.

ಕೊಟೇಶನ್ ಬರೆಯುವಾಗ ಸೆಟ್ಟಿಂಗ್ ಚಾರ್ಜನ್ನು ಬೇರೆ ಸಾಲಿನಲ್ಲಿ ತೋರಿಸುವುದು ಒಳ್ಳೆಯದು ಎಂದೇ ನನ್ನ ಗಟ್ಟಿ ಅಭಿಪ್ರಾಯ. ಒಟ್ಟು ಮೊತ್ತ ಮಾತ್ರ ನೋಡಿದರೆ ‘ಇಷ್ಟು ಚಿಕ್ಕ ಕಬ್ಬಿಣಕ್ಕೆ ಇಷ್ಟೊಂದೇ?’ ಅನಿಸುವುದು ಸಹಜ. ಬಿಡಿಸಿ ಬರೆದರೆ ಅದೇ ಮಾದರಿ ಎಂಜಿನ್ ಕಟ್ಟುತ್ತಿರುವ ಇನ್ನಿಬ್ಬರನ್ನು ಅವರೇ ಜೊತೆಗೆ ಕರೆತರಬಹುದು. ಮೂರು ಬಿಟ್‌ಗೆ ನಾಲ್ಕು ಮಾಡಿದರೂ ಒಟ್ಟು 108 ನಿಮಿಷ, ಒಬ್ಬೊಬ್ಬರಿಗೆ 36.

ಕೆಲಸ ಮುಗಿದ ಮೇಲೆ ಯಾವ ಕೊಲೆಟ್, ವೈಸ್‌ನಲ್ಲಿ ಸ್ಟಾಪ್ ಎಲ್ಲಿತ್ತು, ಎಷ್ಟು ಸುತ್ತು, ಯಾವ ಬಣ್ಣಕ್ಕೆ ಟೆಂಪರ್ ಮಾಡಿದ್ದು ಎಂಬುದನ್ನೆಲ್ಲ ಡ್ರಾಯಿಂಗಿನ ಹಿಂಬದಿಯಲ್ಲೇ ಬರೆದಿಡಿ. ಅದೇ ಬಿಟ್ ಎರಡನೇ ಸಲ ಕೇಳಿದಾಗ ಡ್ರಾಯಿಂಗ್ ಓದುವ 15 ನಿಮಿಷ ಇರುವುದಿಲ್ಲ, ಸೆಟ್ಟಿಂಗೂ ಬೇಗ ಮುಗಿಯುತ್ತದೆ. ಮೊದಲ ಸಲ ಆ ಸಮಯಕ್ಕೆ ದುಡ್ಡು ಕೊಟ್ಟವರೇ ಮತ್ತೆ ಬಂದರೆ ಆ ಉಳಿತಾಯ ಅವರಿಗೇ ಸಲ್ಲಬೇಕು. ಅವರು ತಂದ ಡ್ರಾಯಿಂಗಿನ ಪ್ರಕಾರ ಬೇರೆಯವರಿಗೆ ಮಾಡಿಕೊಡುವ ಮುಂಚೆ ಅವರನ್ನೊಂದು ಮಾತು ಕೇಳಿ.